ಗೆರೆಗೆ ಎಷ್ಟು, ನೆರಳಿಗೆ ಎಷ್ಟು: ಜಪಾನಿನ ಮತ್ತು ಯುರೋಪಿನ ಪದ್ಧತಿ ಕೂಡಿಸಿ ಭಾವಚಿತ್ರ ಬರೆಯುವ ಕ್ರಮ

ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟುಕೊಂಡು ಜಗಲಿಯಲ್ಲಿ ಕುಳಿತ ಅಜ್ಜನ ಮುಖವನ್ನು ಎರಡು ಬಗೆಯಲ್ಲಿ ಬರೆಯಬಹುದು. ಬೆಳಕು ಬಿದ್ದಲ್ಲಿ ತಿಳಿ, ತಿರುಗಿದಲ್ಲಿ ಕಡು ಎಂದು ಬಣ್ಣವನ್ನೇ ಮಣ್ಣಿನಂತೆ ಮೆತ್ತಿ, ಗೆರೆ ಎಂಬುದೇ ಕಾಣದ ಹಾಗೆ ಮುಖ ಕಟ್ಟುವುದು ಯುರೋಪಿನ ಎಣ್ಣೆಬಣ್ಣದ ದಾರಿ. ನೆರಳನ್ನು ಬಹುಮಟ್ಟಿಗೆ ಬಿಟ್ಟುಬಿಟ್ಟು, ಹುಬ್ಬು, ರೆಪ್ಪೆ, ಮೂಗಿನ ಬದಿ, ದವಡೆ ಇಷ್ಟನ್ನು ದಪ್ಪ–ಸಣ್ಣ ಆಗುತ್ತಾ ಹೋಗುವ ಗೆರೆಯಲ್ಲಿ ಹಿಡಿದು ನಡುವೆ ತೆಳುವಾಗಿ ಬಣ್ಣ ಹರಡುವುದು ಜಪಾನಿನ ದಾರಿ. ಕಾಸರಗೋಡಿನ ಕಣ್ಣಿಗೆ ಎರಡೂ ಹೊಸತಲ್ಲ. ದೇವರ ಕೋಣೆಯಲ್ಲಿ ತೂಗುವ ರವಿವರ್ಮನ ಅಚ್ಚುಪಟ ಮೊದಲನೆಯದರ ಸಂತಾನ. ಯಕ್ಷಗಾನದ ಚೌಕಿಯಲ್ಲಿ ವೇಷಧಾರಿ ತನ್ನ ಹುಬ್ಬಿಗೆ ತೀಡುವ ಗೆರೆ, ತೆಯ್ಯಂ ಕೋಲದ ಮುಖದ ಮೇಲೆ ತೆಂಗಿನ ಗರಿಯ ಕಡ್ಡಿಯಿಂದ ಬರೆಯುವ ಎಳೆ, ಇವು ಎರಡನೆಯದರ ನೆಂಟರು.

ಎರಡನ್ನೂ ಒಂದೇ ಹಲಗೆಗೆ ತರುವಾಗ ಹೆಚ್ಚಿನವರು ಎಡವುವುದು ಎಲ್ಲ ಕಡೆಯೂ ಅರ್ಧರ್ಧ ಬೆರೆಸುವುದರಲ್ಲಿ. ಕೆನ್ನೆಗೆ ಪೂರ್ತಿ ನೆರಳು ಕೊಟ್ಟು, ಮತ್ತೆ ಅದರ ಸುತ್ತ ಗೆರೆಯನ್ನೂ ಎಳೆದರೆ ಬಣ್ಣ ತುಂಬಿದ ಕಾರ್ಟೂನಿನಂತೆ ಕಾಣುತ್ತದೆ. ನೆರಳು ಹೇಳುವುದು ‘ಮೈ ಇಲ್ಲಿ ಹಿಂದಕ್ಕೆ ತಿರುಗಿತು’ ಎಂದು; ಗೆರೆ ಹೇಳುವುದು ‘ಮೈ ಇಲ್ಲಿಗೆ ಮುಗಿಯಿತು’ ಎಂದು. ಒಂದೇ ಜಾಗದಲ್ಲಿ ಎರಡು ಮಾತು ಕೇಳಿದ ಕಣ್ಣು ಯಾವುದನ್ನೂ ನಂಬುವುದಿಲ್ಲ. ಹಾಗಾಗಿ ಬಣ್ಣದ ಬಟ್ಟಲು ಮುಟ್ಟುವ ಮೊದಲೇ ತೀರ್ಮಾನ ಆಗಬೇಕು: ಪ್ರತಿಯೊಂದು ಅಂಚಿಗೂ ಒಬ್ಬನೇ ಯಜಮಾನ, ಒಂದೋ ಗೆರೆ, ಒಂದೋ ನೆರಳು.

ಹಿಂದಿನವರು ಇದನ್ನು ಬೇರೆ ಬೇರೆ ರೀತಿಯಲ್ಲಿ ಹಂಚಿಕೊಂಡಿದ್ದಾರೆ. ಜಪಾನಿನ ಚಿತ್ರಕಾರ ವಾತಾನಾಬೆ ಕಝಾನ್ 1837ರಲ್ಲಿ ರೇಷ್ಮೆಯ ಮೇಲೆ ಬರೆದ ತಾಕಾಮಿ ಸೆನ್ಸೆಕಿಯ ಭಾವಚಿತ್ರದಲ್ಲಿ ಮುಖಕ್ಕೆ ಪಶ್ಚಿಮದ ನೆರಳು–ಬೆಳಕು, ಉಡುಪಿಗೆ ಅಪ್ಪಟ ಜಪಾನಿ ಗೆರೆ. ಈಗ ಟೋಕಿಯೊ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿರುವ ಆ ಚಿತ್ರ ಈ ವಿದ್ಯೆಗೆ ಬೇಕಾದ ಅರ್ಧ ಪಾಠವನ್ನು ಕೊಡುತ್ತದೆ. ಪ್ಯಾರಿಸ್ಸಿಗೆ ಹೋಗಿ ನೆಲೆಸಿದ ಫೂಜಿತಾ (1886–1968) ಎಣ್ಣೆಬಣ್ಣದಲ್ಲೇ ಹಾಲುಬಿಳುಪಿನ ನೆಲ, ಅಂದರೆ ಚಿತ್ರದ ಅಡಿಯ ಲೇಪ, ಮಾಡಿ ಅದರ ಮೇಲೆ ಕೂದಲೆಳೆಯಂಥ ಶಾಯಿ ಗೆರೆ ಎಳೆದ. ಕಿಶಿದಾ ರ್ಯೂಸೆಯ್ 1921ರಲ್ಲಿ ತನ್ನ ಮಗಳು ರೇಕೋಳನ್ನು ಎಣ್ಣೆಬಣ್ಣದಲ್ಲಿ ಬರೆದಾಗ ಅವನ ಮನಸ್ಸಿನಲ್ಲಿದ್ದದ್ದು ಉತ್ತರ ಯುರೋಪಿನ ಹಳಬರ ಕಸುಬು. ವ್ಯಾನ್ ಗಾಗ್ 1887ರಲ್ಲಿ ಬಣ್ಣದಂಗಡಿಯ ತಾಂಗಿಯನ್ನು ಬರೆದು ಹಿಂದೆ ಜಪಾನಿ ಮರದಚ್ಚಿನ ಚಿತ್ರಗಳನ್ನು ಸಾಲಾಗಿ ತುಂಬಿದ. ಹಿನ್ನೆಲೆಗೆ ಜಪಾನನ್ನು ತೂಗುಹಾಕುವುದು ಎಲ್ಲಕ್ಕಿಂತ ಸುಲಭದ ದಾರಿ. ಇವತ್ತು ಅದನ್ನೇ ಮತ್ತೆ ಮಾಡಿದರೆ ಅಲಂಕಾರಕ್ಕಿಂತ ಹೆಚ್ಚೇನೂ ದಕ್ಕುವುದಿಲ್ಲ. ನಮ್ಮ ಕಡೆಗೂ ಈ ಗಾಳಿ ಬೀಸಿದೆ. 1903ರಲ್ಲಿ ಜಪಾನಿನ ಚಿತ್ರಕಾರರಾದ ಯೊಕೊಯಾಮಾ ತಾಯ್ಕಾನ್, ಹಿಶಿದಾ ಶುನ್ಸೋ ಕಲ್ಕತ್ತೆಗೆ ಬಂದಾಗ ಅವರು ನೀರು ಹಾಯಿಸಿ ಬಣ್ಣ ತೆಳುಗೊಳಿಸುವುದನ್ನು ಅವನೀಂದ್ರನಾಥ ಟಾಗೋರ್ ಕಣ್ಣಾರೆ ನೋಡಿದರು. ಆ ಅವನೀಂದ್ರನಾಥರ ಕೈಕೆಳಗೆ ಕಲಿತವರು ಮೈಸೂರಿನ ಕೆ. ವೆಂಕಟಪ್ಪ.

ಇಲ್ಲಿ ಹೇಳುವ ಕ್ರಮ ಇಷ್ಟು: ಬಿಳಿಪುಡಿ–ಅಂಟಿನ ನೆಲ, ಮುಖ ಪೂರ್ತಿ ನೀರಿನ ಬಣ್ಣದಲ್ಲಿ, ಕೂದಲು–ಬಟ್ಟೆ–ಹಿನ್ನೆಲೆ ಎಣ್ಣೆಬಣ್ಣದಲ್ಲಿ, ಎರಡರ ಗಡಿಯ ಮೇಲೆ ಗೆರೆ. ಅಳತೆ 40×50 ಸೆಂ.ಮೀ. ಹಲಗೆಗೆ ಹೊಂದುವಂತೆ ಕೊಟ್ಟಿದೆ.

ನೆಲ: ಎರಡೂ ಪದ್ಧತಿ ಕೂಡುವ ಜಾಗ

ಯುರೋಪಿನ ಹಳೆಯ ಮರದ ಹಲಗೆ ಚಿತ್ರಗಳ ಅಡಿಯಲ್ಲಿ ಇರುವುದು ಪ್ರಾಣಿಯಂಟಿನಲ್ಲಿ ಕಲಸಿದ ಬಿಳಿಪುಡಿ. ಉತ್ತರದಲ್ಲಿ ಸೀಮೆಸುಣ್ಣ, ಇಟಲಿಯಲ್ಲಿ ಜಿಪ್ಸಮ್. ಜಪಾನಿನ ‘ಗೊಫುನ್’ ಎಂದರೆ ವರ್ಷಗಟ್ಟಲೆ ಬಿಸಿಲು–ಮಳೆಗೆ ಬಿಟ್ಟ ಸಿಂಪಿಚಿಪ್ಪಿನ ಪುಡಿ. ಅದನ್ನು ಕಲಸುವುದೂ ‘ನಿಕಾವಾ’ ಎಂಬ ಪ್ರಾಣಿಯಂಟಿನಲ್ಲಿ. ಹೆಸರು ಬೇರೆ, ವಸ್ತು ಹೆಚ್ಚುಕಡಿಮೆ ಒಂದೇ. ಬೆಸುಗೆಯನ್ನು ಇಲ್ಲಿಂದಲೇ ಶುರುಮಾಡುವುದು ಲೇಸು.

ಹಲಗೆಗೆ 12 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್ ಸಾಕು. ಮೂಲೆ–ಅಂಚುಗಳನ್ನು ಮರಳುಕಾಗದದಲ್ಲಿ ಉಜ್ಜಿ ಮೊಂಡು ಮಾಡಿ. ಅಂಟಿಗೆ ನಿಕಾವಾ ತರಿಸಬಹುದು. ಇಲ್ಲವಾದರೆ ಬೇಕರಿ ಸಾಮಾನಿನ ಅಂಗಡಿಯ ಜೆಲಟಿನ್ ಪುಡಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ‘ವೆಜ್ ಜೆಲಟಿನ್’ ಎಂದು ಮಾರುವುದೂ ಚೈನಾಗ್ರಾಸೂ ಬೇಡ. ಅವು ಹೆಪ್ಪುಗಟ್ಟುತ್ತವೆ, ಹಿಡಿಯುವುದಿಲ್ಲ. ಒಣಗಿದ ಮೇಲೆ ಬಣ್ಣ ಪುಡಿಪುಡಿಯಾಗಿ ಉದುರುತ್ತದೆ.

ಅರ್ಧ ಲೀಟರ್ ತಣ್ಣೀರಿಗೆ 35 ಗ್ರಾಂ ಜೆಲಟಿನ್ ಹಾಕಿ ಒಂದು ಗಂಟೆ ನೆನೆಯಲು ಬಿಡಿ. ನಂತರ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. ನೇರ ಒಲೆಯ ಮೇಲೆ ಇಡಬೇಡಿ, 60 ಡಿಗ್ರಿ ದಾಟಿಸಬೇಡಿ. ಕುದಿಸಿದ ಅಂಟು ಬಲ ಕಳೆದುಕೊಳ್ಳುತ್ತದೆ. ನೋಡಲಿಕ್ಕೆ ಏನೂ ವ್ಯತ್ಯಾಸ ಕಾಣದ ಕಾರಣ ತಪ್ಪು ಗೊತ್ತಾಗುವುದು ಆರು ತಿಂಗಳ ಮೇಲೆ, ನೆಲ ಎದ್ದು ಬಂದಾಗ. ಹದ ನೋಡಲು ಒಂದು ಚಮಚ ಅಂಟನ್ನು ಫ್ರಿಜ್ಜಿನಲ್ಲಿಟ್ಟು ಹೆಪ್ಪಾದ ಮೇಲೆ ಬೆರಳಲ್ಲಿ ಒತ್ತಿ. ಹಾಲುಬಾಯಿಯ ಹಾಗೆ ಒರಟಾಗಿ ಸೀಳಿದರೆ ಸರಿ. ರಬ್ಬರಿನ ಹಾಗೆ ಪುಟಿದರೆ ಬಲ ಜಾಸ್ತಿ, ಸ್ವಲ್ಪ ನೀರು ಸೇರಿಸಿ.

ಹಲಗೆಯ ಎರಡೂ ಬದಿಗೆ ಈ ಬಿಸಿ ಅಂಟನ್ನು ಒಂದು ಕೈ ಹಚ್ಚಿ ಒಣಗಿಸಿ. ಮುಂಬದಿಗೆ ಹಳೆಯ, ತೆಳ್ಳಗಾದ ಹತ್ತಿ ಪಂಚೆಯ ತುಂಡನ್ನು ಗಂಜಿಯ ಅಂಶ ಉಳಿಯದಂತೆ ತೊಳೆದು, ಅಂಟಿನಲ್ಲಿ ಅದ್ದಿ, ನಡುವಿನಿಂದ ಅಂಚಿಗೆ ಅಂಗೈಯಲ್ಲಿ ಸವರಿ ಅಂಟಿಸಿ. ಪ್ಲೈವುಡ್ಡಿನ ನಾರು ಬಿರಿದರೂ ಆ ಬಿರುಕು ಮೇಲಿನ ನೆಲಕ್ಕೆ ಏರದಂತೆ ಈ ಬಟ್ಟೆ ತಡೆಯುತ್ತದೆ. ಒಂದು ದಿನ ಒಣಗಲಿ.

ಈಗ ಬಿಳಿಪುಡಿ. ಬೇಕಾದ್ದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಪೇಂಟ್ ಅಂಗಡಿಯವರು ವೈಟಿಂಗ್ ಎಂದು ಕೊಡುವುದು. ನಮ್ಮ ಕಡೆ ಇಲ್ಲೊಂದು ದೊಡ್ಡ ಗೊಂದಲ ಇದೆ. ಗೊಫುನ್ ಚಿಪ್ಪಿನದು ಎಂದ ಕೂಡಲೇ ವೀಳ್ಯಕ್ಕೆ ಹಚ್ಚುವ ಮರುವಾಯಿ ಚಿಪ್ಪಿನ ಸುಣ್ಣ ನೆನಪಾಗುತ್ತದೆ. ಅದು ಸುಟ್ಟು, ನೀರು ಹೊಯ್ದು ಅರಳಿಸಿದ ಚಿಪ್ಪು, ಕಡು ಕ್ಷಾರ. ಅಂಟನ್ನು ಹಾಳುಮಾಡುತ್ತದೆ, ಕೆಲವು ಬಣ್ಣಗಳನ್ನು ತಿನ್ನುತ್ತದೆ. ಗೊಫುನ್ ಸುಡದೆ ಬರಿದೇ ಅರೆದ ಚಿಪ್ಪು. ಕೈಯಲ್ಲಿರುವ ಪುಡಿ ಯಾವುದು ಎಂದು ತಿಳಿಯಲು ಚಿಟಿಕೆ ಪುಡಿಗೆ ನೀರು, ಅರಸಿನ ಸೇರಿಸಿ ನೋಡಿ. ಕುರ್ದಿಯಂತೆ ಕಡುಗೆಂಪಾದರೆ ಅದು ಸುಣ್ಣ, ಬದಿಗಿಡಿ. ಇನ್ನೊಂದು ಚಿಟಿಕೆಗೆ ವಿನೆಗರ್ ಹನಿಸಿ. ಬುರಬುರನೆ ನೊರೆ ಬಂದರೆ ಕಾರ್ಬೊನೇಟ್. ಎರಡೂ ಆಗದಿದ್ದರೆ ಅದು ಜಿಪ್ಸಮ್ ಆಗಿರಬಹುದು. ಶಾಲೆಯ ಚಾಕ್ ಕಡ್ಡಿ ಎಷ್ಟೋ ಸಲ ಇದೇ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮಾತ್ರ ಖಂಡಿತ ಬೇಡ, ಬಟ್ಟಲಲ್ಲೇ ಕಲ್ಲಾಗುತ್ತದೆ.

ಪ್ರಾಣಿಯಂಟು ಮನೆಯೊಳಗೆ ಬೇಡ ಎನ್ನುವವರಿಗೆ ಅದೇ ಚಿಪ್ಪಿನ ಸುಣ್ಣ ಬೇರೆ ರೀತಿಯಲ್ಲಿ ಒದಗುತ್ತದೆ. ಕೆನೆ ತೆಗೆದ ಹಾಲನ್ನು ವಿನೆಗರಿನಲ್ಲಿ ಒಡೆದು, ನೀರು ಬಸಿದು, ಗಟ್ಟಿ ಗಿಣ್ಣನ್ನು ತೊಳೆಯಿರಿ. ಐದು ಪಾಲು ಗಿಣ್ಣಿಗೆ ಒಂದು ಪಾಲು ಅರಳಿದ ಸುಣ್ಣದ ಮುದ್ದೆ ಸೇರಿಸಿ ಕಲಸಿದರೆ ಕೆಲವೇ ನಿಮಿಷದಲ್ಲಿ ಪಾಕದಂತೆ ಜಾರುವ ಅಂಟಾಗುತ್ತದೆ. ನೀರು ಸೇರಿಸಿ ತೆಳು ಮಾಡಿ ಆ ದಿನವೇ ಬಳಸಿ ಮುಗಿಸಬೇಕು. ಒಣಗಿದ ಮೇಲೆ ಪೆಡಸು. ಗಟ್ಟಿ ಹಲಗೆಗೆ ಮಾತ್ರ ಸರಿ, ಕ್ಯಾನ್ವಾಸಿಗೆ ಅಲ್ಲ. ಪ್ರಷ್ಯನ್ ನೀಲಿ ಇದರ ಮೇಲೆ ನಿಲ್ಲುವುದಿಲ್ಲ.

ಜೆಲಟಿನ್ ಅಂಟು 300 ಮಿ.ಲೀ.ಗೆ 450 ಗ್ರಾಂ ವೈಟಿಂಗ್. ಪುಡಿಯನ್ನು ಜರಡಿಯಿಂದ ಬೆಚ್ಚನೆ ಅಂಟಿನ ಮೇಲೆ ಉದುರಿಸಿ, ತಾನಾಗಿ ಮುಳುಗಲು ಬಿಡಿ. ಹತ್ತು ನಿಮಿಷ ಕಳೆದು ನಿಧಾನ ತಿರುವಿ. ದೋಸೆಹಿಟ್ಟಿನ ಹಾಗೆ ಬಡಿದರೆ ಗಾಳಿ ಸೇರಿ, ಒಣಗಿದ ನೆಲದ ತುಂಬ ಸೂಜಿಮೊನೆ ತೂತು. ಮೊದಲ ಕೈಯನ್ನು ಬ್ರಶ್ಶಿನಿಂದ ಹಚ್ಚಿ ಅಂಗೈಯಿಂದ ಬಟ್ಟೆಯ ಎಳೆಯೊಳಗೆ ಉಜ್ಜಿ. ಆಮೇಲೆ ಐದು ಕೈ, ಒಮ್ಮೆ ಅಡ್ಡ ಒಮ್ಮೆ ಉದ್ದ, ಹಿಂದಿನದರ ಹಸಿ ಹೊಳಪು ಆರಿದ ಕೂಡಲೇ ಮುಂದಿನದು. ಹಿಂಬದಿಗೂ ಮೂರು ಕೈ ಬೇಕು. ಇಲ್ಲದಿದ್ದರೆ ಹಲಗೆ ಹಪ್ಪಳದ ಹಾಗೆ ಬಾಗುತ್ತದೆ. ಮೇಲಿನ ಕೈಗಳ ಅಂಟು ಕೆಳಗಿನದಕ್ಕಿಂತ ಬಲವಾಗಿದ್ದರೆ ನೆಲ ಬಿರಿಯುತ್ತದೆ. ನೀರು ಆವಿಯಾಗಿ ಅಂಟು ತಾನಾಗಿ ಗಟ್ಟಿಯಾಗುತ್ತಾ ಹೋಗುವುದರಿಂದ ಎರಡು ಕೈಗೊಮ್ಮೆ ಒಂದೆರಡು ಚಮಚ ಬಿಸಿನೀರು ಸೇರಿಸುತ್ತಾ ಇರಿ.

ಎರಡು ದಿನ ಒಣಗಿಸಿ 400ರ ಮರಳುಕಾಗದದಲ್ಲಿ ಉಜ್ಜಿದರೆ ಮೊಟ್ಟೆ ಚಿಪ್ಪಿನಂಥ ಮೈ ಬರುತ್ತದೆ. ಇದರ ಮೇಲೆ ನೇರ ಗೆರೆ ಎಳೆದರೆ ನೆಲ ಶಾಯಿಯನ್ನು ಕುಡಿದುಬಿಡುತ್ತದೆ, ಗೆರೆ ತುಂಡು ತುಂಡು. ಜಪಾನಿನವರು ಕಾಗದಕ್ಕೆ ಹಚ್ಚುವ ‘ದೋಸಾ’ ಇಲ್ಲಿಗೆ ಮದ್ದು: 100 ಮಿ.ಲೀ. ನೀರು, 2 ಗ್ರಾಂ ಜೆಲಟಿನ್, ಅರ್ಧ ಗ್ರಾಂ ಪಟಿಕ. ಕ್ಷೌರದಂಗಡಿಯ ಪಟಿಕದ ಕಲ್ಲನ್ನೇ ಪುಡಿ ಮಾಡಬಹುದು. ಅಗಲ ಬ್ರಶ್ಶಿನಲ್ಲಿ ಒಂದೇ ಕೈ, ಹೋದ ದಾರಿಗೆ ಮತ್ತೆ ಮರಳಬಾರದು. ಒಣಗಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಕೆಸುವಿನೆಲೆಯ ಮೇಲಿನ ಹಾಗೆ ಉರುಳಿದರೆ ಹೆಚ್ಚಾಯಿತು, ತಟ್ಟನೆ ಇಂಗಿದರೆ ಸಾಲದು, ಹತ್ತು ಹದಿನೈದು ಸೆಕೆಂಡಿನಲ್ಲಿ ನಿಧಾನ ಹರಡಿದರೆ ಹದ. ಪಟಿಕ ಹೆಚ್ಚಾದರೆ ಹರಳು ಹರಳಾಗಿ ಮಿನುಗುತ್ತದೆ. ಕಾಗದದ ಮೇಲಾದರೆ ಹುಳಿಯಿಂದ ಕಾಗದವೇ ಹಳದಿಯಾಗಿ ಮುರಿಯುತ್ತದೆ.

ಕೂರಿಸುವುದು, ಬೆಳಕು

ಮುಖದಲ್ಲಿ ಗೆರೆಗೂ ಜಾಗ ಬೇಕಾದ್ದರಿಂದ ನೆರಳು ತೀವ್ರ ಆಗಬಾರದು. ಬಿಳಿಯಿಂದ ಕಪ್ಪಿಗೆ ಹತ್ತು ಮೆಟ್ಟಿಲು ಎಂದುಕೊಂಡರೆ ಎಣ್ಣೆಬಣ್ಣದ ಭಾವಚಿತ್ರ ಏಳೆಂಟನ್ನು ಬಳಸುತ್ತದೆ. ಇಲ್ಲಿ ಮುಖದೊಳಗೆ ಮೂರು ಅಥವಾ ನಾಲ್ಕಕ್ಕೆ ನಿಲ್ಲಿಸಿ. ಉಳಿದ ಕಡು ಮೆಟ್ಟಿಲುಗಳು ಕೂದಲಿಗೆ, ಹಿನ್ನೆಲೆಗೆ.

ಜಗಲಿಯ ಅಂಚಿನಿಂದ ಒಂದೂವರೆ ಮೀಟರ್ ಒಳಗೆ ಕೂರಿಸಿ, ಬೆಳಕು ಮುಂದಿನ ಒಂದು ಬದಿಯಿಂದ ಬರಲಿ. ಕಾವಿ ನೆಲ, ಕೆಂಪು ಮುರಕಲ್ಲಿನ ಅಂಗಳ ಇರುವ ಮನೆಗಳಲ್ಲಿ ಗಲ್ಲದ ಕೆಳಗೆ, ಮೂಗಿನ ಅಡಿಗೆ ಕೆಂಪು ಬೆಳಕು ಪುಟಿಯುತ್ತದೆ. ಹಣೆಯ ಹೊಳಪಿನಲ್ಲಿ ಆಕಾಶದ ನೀಲಿ ಇರುತ್ತದೆ. ಪುಸ್ತಕದಲ್ಲಿ ಬರುವ ‘ನೆರಳು ತಂಪು, ಬೆಳಕು ಬೆಚ್ಚಗೆ’ ಎಂಬ ಸೂತ್ರ ಇಲ್ಲಿ ತಲೆಕೆಳಗಾಗುತ್ತದೆ. ಸೂತ್ರ ಬಿಟ್ಟು ಕಂಡದ್ದನ್ನೇ ಬರೆಯಿರಿ. ಕೆಂಪು ಅತಿ ಅನಿಸಿದರೆ ಕುಳಿತವರ ಮುಂದೆ ನೆಲಕ್ಕೆ ಬಿಳಿ ಮುಂಡು ಹಾಸಿ.

‘ಅಜ್ಜಾ, ಸ್ವಲ್ಪ ಬಾವಿಕಟ್ಟೆ ಕಡೆ ನೋಡಿ’ ಎಂದು ಗುರುತಿನ ಜಾಗವೊಂದನ್ನು ಕೊಟ್ಟರೆ ತಲೆ ಅಲುಗುವುದು ಕಡಿಮೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಓಡಾಡಲು ಬಿಡಿ. ನಲವತ್ತು ನಿಮಿಷದ ಮೂರು ಬೈಠಕ್ ಸಾಕಾಗುತ್ತದೆ. ಫೋಟೊ ತೆಗೆಯುವುದಾದರೆ ಎರಡು ಮೀಟರ್ ದೂರ ನಿಂತು ಜೂಮ್ ಮಾಡಿ. ಹತ್ತಿರದಿಂದ ತೆಗೆದ ಮೊಬೈಲ್ ಚಿತ್ರದಲ್ಲಿ ಮೂಗು ಉಬ್ಬಿ ಕಿವಿ ಹಿಂದೋಡಿರುತ್ತದೆ. ಅದನ್ನೇ ನಕಲು ಮಾಡಿದರೆ ಹೋಲಿಕೆ ತಪ್ಪುವುದಕ್ಕೆ ಕೈ ಕಾರಣವಲ್ಲ.

ಕರಡು ಮತ್ತು ಎಲುಬಿನ ಗೆರೆ

ಮೊದಲು 5×6 ಸೆಂ.ಮೀ. ಅಳತೆಯ ನಾಲ್ಕೈದು ಪುಟ್ಟ ಕರಡು, ಬಿಳಿ–ಬೂದು–ಕಪ್ಪು ಮೂರೇ ಬಣ್ಣದಲ್ಲಿ. ಜಪಾನಿನಲ್ಲಿ ಇದಕ್ಕೆ ‘ನೋತಾನ್’ ಎನ್ನುತ್ತಾರೆ: ವಸ್ತು ಯಾವುದು ಎಂಬುದನ್ನು ಮರೆತು ಕಡು–ತಿಳಿ ತುಂಡುಗಳ ಹಂಚಿಕೆಯನ್ನಷ್ಟೇ ನೋಡುವುದು. ಅಡಿಕೆ ಹಾಳೆಯ ಮುಟ್ಟಾಳೆ ಇದಕ್ಕೆ ಹೇಳಿ ಮಾಡಿಸಿದ ಆಕಾರ. ತಿಳಿ, ಚಪ್ಪಟೆ, ಅಂಚು ಸ್ಪಷ್ಟ. ಮುಖದ ಎತ್ತರ 16ರಿಂದ 17 ಸೆಂ.ಮೀ. ಇರಲಿ. ನಿಜದ ಅಳತೆಗೆ ಬರೆದರೆ ಈ ಹಲಗೆಯಲ್ಲಿ ಮುಖ ರಾಕ್ಷಸಗಾತ್ರ ಕಾಣುತ್ತದೆ. ನೋಟ ಹೋಗುವ ಕಡೆಗೆ ಹೆಚ್ಚು ಖಾಲಿ ಬಿಡಿ, ಆ ಖಾಲಿಯನ್ನು ತುಂಬುವ ಆಸೆ ಬಿಡಿ.

ದೊಡ್ಡ ಕರಡನ್ನು ಕಾಗದದ ಮೇಲೆ ಮುಗಿಸಿ. ತಿದ್ದುವುದೆಲ್ಲ ಇಲ್ಲೇ, ಹಲಗೆಯ ಮೇಲೆ ರಬ್ಬರ್ ಆಡಿಸಿದರೆ ದೋಸಾ ಕಿತ್ತುಹೋಗಿ ಅಲ್ಲಿ ಶಾಯಿ ಕಲೆ ಹರಡುತ್ತದೆ. ಯುರೋಪಿನ ಭಾವಚಿತ್ರಕಾರ ಹೋಲ್ಬೈನ್ ತನ್ನ ಮುಖದ ಕರಡುಗಳಿಗೆ ತಿಳಿಗುಲಾಬಿ ಬಳಿದ ಕಾಗದ ಬಳಸುತ್ತಿದ್ದ. ಮೈಬಣ್ಣದ ನಡುಮೆಟ್ಟಿಲು ಕಾಗದದಲ್ಲೇ ಸಿದ್ಧವಾಗಿರುವುದರಿಂದ ಗೆರೆ ಕಡಿಮೆಯಾದರೂ ಮುಖ ತುಂಬಿ ಕಾಣುತ್ತದೆ. ನಮ್ಮ ಮೈಬಣ್ಣಕ್ಕೆ ತಿಳಿಕಾವಿ ಬಳಿದ ಕಾಗದ ಸರಿ. ಕರಡನ್ನು ಬಟರ್ ಪೇಪರಿಗೆ ಇಳಿಸಿ, ಹಿಂಬದಿಗೆ ಒಣ ಕಾವಿಪುಡಿ ಉಜ್ಜಿ, ಹಲಗೆಯ ಮೇಲಿಟ್ಟು ಗಟ್ಟಿ ಪೆನ್ಸಿಲಿನಿಂದ ತೀಡಿದರೆ ಗೆರೆ ಇಳಿಯುತ್ತದೆ. ಅಂಗಡಿಯ ನೀಲಿ ಕಾರ್ಬನ್ ಕಾಗದ ಬೇಡ, ಅದರ ಮೇಣ ನೀರನ್ನು ದೂಡುತ್ತದೆ.

ಈಗ ಶಾಯಿ. ಸುಮಿ ಕಡ್ಡಿ ಸಿಕ್ಕರೆ ಕಲ್ಲಿನ ಮೇಲೆ ನೀರು ಹಾಕಿ ತೇಯಿರಿ, ಗಂಧ ತೇಯುವ ಹಾಗೆ, ಅವಸರ ಇಲ್ಲದೆ. ಪೈನ್ ಮರದ ಮಸಿಯಿಂದ ಮಾಡಿದ್ದು ತುಸು ನೀಲಿ ಛಾಯೆ, ಎಣ್ಣೆದೀಪದ ಮಸಿಯದು ಕಂದು ಛಾಯೆ. ಮುಖಕ್ಕೆ ಎರಡನೆಯದು ಒಪ್ಪುತ್ತದೆ. ಮನೆಯ ಕಾಡಿಗೆಯಿಂದ ಮಾಡಿಕೊಳ್ಳಲು ಹೋಗಬೇಡಿ. ತುಪ್ಪವೋ ಎಣ್ಣೆಯೋ ಸೇರಿದ ಮಸಿ ಅಂಟುನೀರಿನಲ್ಲಿ ಕೂಡುವುದಿಲ್ಲ.

‘ಮೆನ್ಸೋ’ ಎಂಬ ಉದ್ದ ಸಪೂರ ಮೊನೆಯ ಕುಂಚ ಈ ಕೆಲಸದ್ದು. ಸಿಗದಿದ್ದರೆ ಉದ್ದ ಕೂದಲಿನ ಲೈನರ್ ಬ್ರಶ್. ಕುಂಚ ನೆಟ್ಟಗೆ ನಿಲ್ಲಲಿ, ಮಣಿಕಟ್ಟು ನೆಲ ಮುಟ್ಟದಿರಲಿ, ಗೆರೆ ಭುಜದಿಂದ ಬರಲಿ. ಈ ಮೊದಲ ಸುತ್ತಿನ ಗೆರೆಗೆ ಜಪಾನಿನಲ್ಲಿ ‘ಎಲುಬಿನ ಗೆರೆ’ ಎಂದೇ ಹೆಸರು. ಮುಂದೆ ಇದರ ಬಹುಭಾಗ ಬಣ್ಣದ ಅಡಿಯಲ್ಲಿ ಹೋಗುತ್ತದೆ. ಹಾಗಾಗಿ ಶಾಯಿ ತಿಳಿಬೂದು ಸಾಕು. ಗೆರೆ ಹೇಗೆ ಬದುಕಬೇಕು ಎಂದು ನೋಡಲು ಜಪಾನಿಗೇ ಹೋಗಬೇಕೆಂದಿಲ್ಲ, ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರ ನೃತ್ಯದ ರೇಖಾಚಿತ್ರ ಎದುರಿಗಿಟ್ಟುಕೊಳ್ಳಿ.

ಮುಖ

ಕಾವಿಮಣ್ಣನ್ನು ತೊಳೆದೇ ಬಳಸಬೇಕು. 100 ಗ್ರಾಂ ಮಣ್ಣನ್ನು ಒಂದು ಲೀಟರ್ ನೀರಿನಲ್ಲಿ ಕದಡಿ ಒಂದು ನಿಮಿಷ ಬಿಡಿ. ಮರಳು ತಳಕ್ಕೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಇಟ್ಟು, ತಿಳಿನೀರು ಚೆಲ್ಲಿ, ಕೆಸರು ಒಣಗಿಸಿ. ಜಪಾನಿನ ಕಲ್ಲುಬಣ್ಣಗಳನ್ನು ಹೀಗೆಯೇ ಕಾಳಿನ ಗಾತ್ರದಂತೆ ಬೇರ್ಪಡಿಸಿ 5ರಿಂದ 13ರವರೆಗೆ ನಂಬರು ಕೊಡುತ್ತಾರೆ. ನಂಬರು ಏರಿದಷ್ಟು ಪುಡಿ ನಯ, ಬಣ್ಣ ತಿಳಿ. ರವೆಯಂಥದ್ದು ಕಡುಬಣ್ಣ, ಹಿಟ್ಟಿನಂಥದ್ದು ಮಂಕು. ಮುಖಕ್ಕೆ ಹಿಟ್ಟು, ಹಿನ್ನೆಲೆಗೆ ರವೆ.

ಬಿಳಿ ತಟ್ಟೆಯಲ್ಲಿ ಬಣ್ಣದ ಪುಡಿಗೆ ಹನಿಹನಿಯಾಗಿ ಬೆಚ್ಚನೆ ಅಂಟು ಹಾಕಿ ನಡುಬೆರಳಿನಿಂದ ಅರೆಯುವುದು ಜಪಾನಿ ಕ್ರಮ. ಬೆರಳು ತಾಗುವ ಕೆಲಸವಾದ್ದರಿಂದ ಚೌಕಿಯ ಪೆಟ್ಟಿಗೆಯ ಅರದಾಳ, ಇಂಗಳೀಕಗಳನ್ನು ಇಲ್ಲಿ ತರಬೇಡಿ. ಒಂದರಲ್ಲಿ ಆರ್ಸೆನಿಕ್, ಇನ್ನೊಂದರಲ್ಲಿ ಪಾದರಸ. ಅಂಟಿನ ಹದ ತಿಳಿಯಲು ಒಂದು ಗೀಟು ಎಳೆದು ಒಣಗಿಸಿ ಉಜ್ಜಿ. ಬೆರಳಿಗೆ ಪುಡಿ ಹತ್ತಿದರೆ ಅಂಟು ಸಾಲದು, ಗೀಟು ಹೊಳೆದರೆ ಹೆಚ್ಚಾಗಿದೆ.

ನೆರಳಿನ ಜಾಗಗಳಿಗೆ, ಅಂದರೆ ಕಣ್ಣಿನ ಗುಳಿ, ಮೂಗಿನ ಒಂದು ಬದಿ, ಕೆಳತುಟಿಯ ಅಡಿ, ದವಡೆಯ ಒಳಬದಿಗೆ ಮೊದಲು ಮಂಕುಹಸಿರು ಮಣ್ಣಿನ ತೆಳು ಲೇಪ. ಇದು ಇಟಲಿಯ ಹಲಗೆ ಚಿತ್ರಕಾರರ ಉಪಾಯ. ಮೇಲೆ ಬರುವ ಕೆಂಪಿನೊಂದಿಗೆ ಸೇರಿ ಹಸಿರು ತಾನು ಕಾಣದೆ ಮಾಂಸದ ಬೂದು ಕೊಡುತ್ತದೆ. ಅದನ್ನು ಹಚ್ಚುವ ಕೈಚಳಕ ಮಾತ್ರ ಜಪಾನಿನದು: ಒಂದೇ ಕೈಯಲ್ಲಿ ಎರಡು ಕುಂಚ, ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಬರಿ ನೀರು. ಬಣ್ಣ ಇಟ್ಟು, ತಕ್ಷಣ ಕುಂಚ ತಿರುಗಿಸಿ ನೀರಿನದರಿಂದ ಅಂಚನ್ನು ಎಳೆದು ಮಾಯಿಸುವುದು. ನೀರಿನ ಕುಂಚ ತೊಟ್ಟಿಕ್ಕುವಷ್ಟು ಒದ್ದೆಯಾಗಿದ್ದರೆ ಬಣ್ಣ ಹಿಂದಕ್ಕೆ ಒತ್ತಿ ಹೂಕೋಸಿನ ಅಂಚು ಮೂಡುತ್ತದೆ. ಬಟ್ಟೆಗೆ ಒಮ್ಮೆ ಒತ್ತಿಯೇ ಬಳಸಿ.

ಮೇಲೆ ಮೈಬಣ್ಣ. ಕಂದು ಮೈಗೆ ಆರಂಭದ ಅಳತೆ: ಬರ್ನ್ಟ್ ಸಿಯೆನ್ನಾ 2 ಪಾಲು, ಯೆಲ್ಲೋ ಓಕರ್ 2 ಪಾಲು, ಅಲ್ಟ್ರಾಮರೀನ್ ಅರ್ಧ ಪಾಲು, ಬಿಳಿ ಬೇಕಾದಷ್ಟು. ಬಿಳಿ ಹೆಚ್ಚಿಸಿ ಬೆಳಕು ತೋರಿಸಲು ಹೋದರೆ ಮೈ ಬೂದಿ ಬಳಿದಂತೆ ಆಗುತ್ತದೆ; ಬಿಳಿಗಿಂತ ಓಕರ್ ಏರಿಸಿ. ಒಂದೇ ದಪ್ಪ ಲೇಪ ಬೇಡ, ಐದಾರು ತೆಳು ಲೇಪ. ಅಂಟಿನ ಬಣ್ಣ ನೀರು ತಾಗಿದರೆ ಮತ್ತೆ ಕರಗುವಂಥದ್ದು, ಹಾಗಾಗಿ ಒಂದು ಜಾಗಕ್ಕೆ ಒಂದೇ ಎಳೆತ. ಉಜ್ಜಿದರೆ ಕೆಳಗಿನದು ಎದ್ದು ಬರುತ್ತದೆ. ಎಲುಬಿನ ಗೆರೆಯ ಹತ್ತಿರ ಬಂದಾಗ ಗೆರೆಯಗಲ ಬಿಟ್ಟು ಎರಡೂ ಬದಿಗೆ ಬಣ್ಣ ತುಂಬಿ, ಗೆರೆ ತಾನಾಗಿ ಉಳಿಯುತ್ತದೆ.

ಹಣೆ, ಕೆನ್ನೆಯ ಎಲುಬು, ಮೂಗಿನ ದಂಡೆಯ ಬೆಳಕಿಗೆ ಗೊಫುನ್. ಪುಡಿಯನ್ನು ಕಲ್ಲಿನಲ್ಲಿ ಅರೆದು, ಅಂಟು ಸೇರಿಸಿ ಕಿವಿಯ ಹಾಲೆಯಷ್ಟು ಮೆತ್ತಗಿನ ಉಂಡೆ ಮಾಡಿ, ತಟ್ಟೆಗೆ ನೂರು ಸಲ ಬಡಿದು, ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಆ ನೀರು ಚೆಲ್ಲಿ, ಬಳಿಕ ಬೆರಳಿನಿಂದ ಹೊಸ ನೀರಿಗೆ ಬಿಡಿಸಿಕೊಳ್ಳಬೇಕು. ಬಡಿಯುವುದು ಶಾಸ್ತ್ರಕ್ಕಲ್ಲ, ಪ್ರತಿ ಕಣಕ್ಕೂ ಅಂಟು ಸುತ್ತಿಕೊಳ್ಳಲು. ಬಡಿಯದೆ ಬಿಟ್ಟ ಗೊಫುನ್ ವರ್ಷದೊಳಗೆ ಹುಡಿಯಾಗಿ ಉದುರುತ್ತದೆ. ಹಸಿಯಾಗಿದ್ದಾಗ ಇದು ಗಂಜಿತಿಳಿಯಂತೆ ಪಾರದರ್ಶಕ, ಒಣಗಿದಾಗ ಬೆಳ್ಳಗೆ. ‘ಏನೂ ಕಾಣುತ್ತಿಲ್ಲವಲ್ಲ’ ಎಂದು ಇನ್ನೆರಡು ಸಲ ಹಚ್ಚಿದವರ ಚಿತ್ರದಲ್ಲಿ ಮರುದಿನ ಅಜ್ಜನ ಹಣೆಯ ಮೇಲೆ ಯಕ್ಷಗಾನ ವೇಷದ ಬಿಳಿ ಚುಟ್ಟಿ ಇಟ್ಟ ಹಾಗಿರುತ್ತದೆ. ಒಂದು ತೆಳು ಲೇಪ, ಪೂರ್ತಿ ಒಣಗಲಿ, ಆಮೇಲೆ ಬೇಕೋ ಬೇಡವೋ ನೋಡಿ.

ಕಣ್ಣು ಗೆರೆಯ ರಾಜ್ಯ. ಮೇಲ್ರೆಪ್ಪೆಯನ್ನು ಮೂರು ಸುತ್ತಿನಲ್ಲಿ ಎಳೆಯಿರಿ: ಪೂರ್ತಿ ಉದ್ದಕ್ಕೆ ತಿಳಿಶಾಯಿ, ಒಳಮೂಲೆ ಬಿಟ್ಟು ನಡುಶಾಯಿ, ಹೊರಗಿನ ಮೂರನೇ ಒಂದು ಭಾಗಕ್ಕೆ ಮಾತ್ರ ಕಡುಶಾಯಿ. ವಯಸ್ಸಾದವರಲ್ಲಿ ಹೊರಮೂಲೆಯ ಚರ್ಮ ರೆಪ್ಪೆಯ ಮೇಲೆ ಜೋತಿರುತ್ತದೆ. ಅಲ್ಲಿ ರೆಪ್ಪೆಗೆರೆ ನಿಂತು ಜೋತ ಚರ್ಮದ ಗೆರೆ ಶುರುವಾಗಬೇಕು. ಎರಡನ್ನೂ ಕೂಡಿಸಿದರೆ ಕಣ್ಣಿಗೆ ಕಾಡಿಗೆ ಹಚ್ಚಿದಂತೆ. ಕೆಳರೆಪ್ಪೆಗೆ ಶಾಯಿ ಬೇಡ, ಕಾವಿಯ ಸಣ್ಣ ಎಳೆ ಸಾಕು. ಕಣ್ಣಗೊಂಬೆಯಲ್ಲಿ ಬಿಳಿ ಚುಕ್ಕೆ ಇಡುವುದು ಯುರೋಪಿನ ರೂಢಿ. ಈ ಮೃದು ಬೆಳಕಿನ ಮುಖದಲ್ಲಿ ಅದು ಗಾಜಿನ ಕಣ್ಣಿನಂತೆ ಕಾಣುವುದರಿಂದ ಬಿಟ್ಟರೇ ಚೆಂದ. ಬದಲಿಗೆ ಕೆಳರೆಪ್ಪೆಯ ಒದ್ದೆ ಅಂಚಿಗೆ ಕೂದಲಷ್ಟು ಗೊಫುನ್ ಎಳೆಯಿರಿ. ಮುಖದೊಳಗಿನ ಉಳಿದ ಗೆರೆಗಳಿಗೂ ಬರಿ ಕಪ್ಪು ಬೇಡ, ಶಾಯಿಗೆ ಕಾವಿ ಬೆರೆಸಿ. ತುಟಿಗಳು ಸೇರುವ ಗೆರೆಯೊಂದೇ ಕಡುವಾಗಿರಲಿ. ಸುಕ್ಕುಗಳನ್ನು ಎಣಿಸಿ ಬರೆಯಬೇಡಿ. ಹಣೆಗೆ ಒಂದು, ಬಾಯಿಯ ಬದಿಗೆ ಒಂದು, ಕಣ್ಣಿನ ಹೊರಗೆ ಎರಡು.

ಎಣ್ಣೆ ಎಲ್ಲಿ, ಎಲ್ಲಿ ಅಲ್ಲ

ಮುಖದ ಮೇಲೆ ಎಣ್ಣೆ ತಾಗಬಾರದು. ಪೋಡಿ ಕಟ್ಟಿದ ಕಾಗದ ಎಣ್ಣೆ ತಾಗಿ ಆಚೆಬದಿ ಕಾಣುವ ಹಾಗಾಗುತ್ತದಲ್ಲ, ಚಿಪ್ಪಿನ ಬಿಳುಪಿಗೂ ಅದೇ ಗತಿ. ಕ್ಯಾಲ್ಸಿಯಂ ಕಾರ್ಬೊನೇಟ್ ಗಾಳಿಯಲ್ಲಿ ಬಿಳಿ, ಎಣ್ಣೆಯಲ್ಲಿ ಮುಳುಗಿದರೆ ಬೂದು. ಬೆಳಕಿನ ಜಾಗಗಳೆಲ್ಲ ಒಂದೇ ದಿನದಲ್ಲಿ ಮಾಯವಾಗುತ್ತವೆ, ಮತ್ತೆ ಬರುವುದಿಲ್ಲ.

ಪಕ್ಕದಲ್ಲಿ ಹಚ್ಚಿದ ಎಣ್ಣೆಯೂ ಬಿಳಿಪುಡಿಯ ನೆಲದೊಳಗೆ ಹರಿದು ಮುಖದ ಸುತ್ತ ಹಳದಿ ಪ್ರಭಾವಳಿ ಕಟ್ಟಬಹುದು. ತಡೆಗೆ ಅರಗು, ಅಂದರೆ ಶೆಲ್ಯಾಕ್. ಬಿಳುಪಾಗಿಸಿದ, ಮೇಣ ತೆಗೆದ ಅರಗಿನ ಚಕ್ಕೆ 5 ಗ್ರಾಂ, ಸ್ಪಿರಿಟ್ 100 ಮಿ.ಲೀ.; ಮುಖದ ಹೊರಗಿನ ಜಾಗಕ್ಕೆಲ್ಲ ಒಂದು ತೆಳು ಕೈ, ಮುಖದ ಅಂಚಿನೊಳಗೆ 2 ಮಿ.ಮೀ. ನುಗ್ಗುವಂತೆ. ಬಡಗಿಗಳ ಫ್ರೆಂಚ್ ಪಾಲಿಶ್ ಇದಕ್ಕೆ ಆಗುವುದಿಲ್ಲ, ಕಿತ್ತಳೆ ಛಾಯೆ ಕೊಡುತ್ತದೆ. ಒಂದು ದಿನ ಬಿಟ್ಟು ಎಣ್ಣೆಬಣ್ಣ ಶುರು ಮಾಡಿ.

ಎಣ್ಣೆ ಎಂದರೆ ಅಗಸೆ ಎಣ್ಣೆ, ಚಿತ್ರಕ್ಕೆಂದೇ ಶುದ್ಧಗೊಳಿಸಿದ್ದು. ತೆಂಗಿನೆಣ್ಣೆ ಎಂದಿಗೂ ಒಣಗದು. ಹಾರ್ಡ್‌ವೇರ್ ಅಂಗಡಿಯ ಕುದಿಸಿದ ಅಗಸೆ ಎಣ್ಣೆ ಬೇಗ ಒಣಗಿದರೂ ಕಂದಾಗುತ್ತದೆ. ಮೊದಲ ಲೇಪಕ್ಕೆ ಎಣ್ಣೆ 1 ಪಾಲು, ಟರ್ಪೆಂಟೈನ್ 3 ಪಾಲು, ಎರಡನೆಯದಕ್ಕೆ 1:2. ಮೇಲಿನದು ಕೆಳಗಿನದಕ್ಕಿಂತ ಜಿಡ್ಡು ಹೆಚ್ಚಿರಬೇಕು, ತಿರುಗಾಮುರುಗಾ ಆದರೆ ಬಿರುಕು. ಅಂಬರ್ ಬೇಗ ಒಣಗುತ್ತದೆ, ಐವರಿ ಬ್ಲ್ಯಾಕ್ ಕಾಯಿಸುತ್ತದೆ. ಕೂದಲಿಗೆ ಬರಿ ಕಪ್ಪಿನ ಬದಲು ಅಂಬರ್–ಅಲ್ಟ್ರಾಮರೀನ್ ಬೆರಕೆ ಹಾಕಿದರೆ ಒಣಗುವುದೂ ಬೇಗ, ಕಪ್ಪಿಗೆ ಆಳವೂ ಬರುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು, ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಗಹಾಕಿ.

ಬಟ್ಟೆಗೆ ಚಪ್ಪಟೆ ಬಣ್ಣ, ಒಂದೆರಡು ಮಡಿಕೆಗೆರೆ, ಮುಗಿಯಿತು. ಹಿನ್ನೆಲೆಗೆ ಎಣ್ಣೆ ಬೇಡವೆಂದರೆ ಕಾಗೆಬಂಗಾರದ ಪುಡಿ ಇದೆ. ಜಪಾನಿನ ಮರದಚ್ಚಿನ ಚಿತ್ರಕಾರ ಶರಾಕು 1794–95ರಲ್ಲಿ ಹತ್ತು ತಿಂಗಳ ಅವಧಿಯಲ್ಲಿ ಹೊರತಂದ ನಟರ ಮುಖಗಳಲ್ಲಿ ಹೆಸರಾದವುಗಳ ಹಿಂದೆ ಇರುವುದು ಇದೇ ಕಡುಬೂದು ಅಭ್ರಕದ ಮಿನುಗು. ಕಡುಬೂದು ನೀರುಬಣ್ಣ ಬಳಿದ ಮೇಲೆ, ಒಂದು ಚಹಾ ಚಮಚ ಅಭ್ರಕದ ಪುಡಿಯನ್ನು ತೆಳು ಅಂಟುನೀರು 20 ಮಿ.ಲೀ.ನಲ್ಲಿ ಕಲಸಿ ಎರಡು ಕೈ. ಈ ದಾರಿ ಹಿಡಿದರೆ ಹಿನ್ನೆಲೆಯ ಭಾಗಕ್ಕೆ ಅರಗು ಹಚ್ಚಬೇಡಿ. ನೀರುಬಣ್ಣ ಅದರ ಮೇಲೆ ನಿಲ್ಲದೆ ಹನಿಗಟ್ಟುತ್ತದೆ.

ಎಣ್ಣೆ ಒಣಗಿದ ಮೇಲೆ ಗಡಿಗೆರೆ. ಮುಖದ ನೀರುಬಣ್ಣವೂ ಹೊರಗಿನ ಎಣ್ಣೆಯೂ ಕೂಡುವ 2 ಮಿ.ಮೀ. ಅರಗಿನ ಪಟ್ಟಿಯ ಮೇಲೆ ಕಾವಿ–ಅಂಬರ್ ಬೆರಸಿ ಟರ್ಪೆಂಟೈನಿನಲ್ಲಿ ತೆಳುಮಾಡಿದ ಎಣ್ಣೆಬಣ್ಣದಿಂದ, ಲೈನರ್ ಬ್ರಶ್ಶಿನಲ್ಲಿ ಎಳೆಯಿರಿ. ದವಡೆಯ ಮೂಲೆಯಲ್ಲಿ ದಪ್ಪ, ಕೆನ್ನೆಯ ಉಬ್ಬಿನಲ್ಲಿ ಸಪೂರ, ನೆರಳಿನ ಬದಿಯಲ್ಲಿ ಗೆರೆಯೇ ಇಲ್ಲ, ಅಲ್ಲಿ ನೆರಳಿಗೇ ಯಜಮಾನಿಕೆ. ಈಗಾಗಲೇ ಗೆರೆ ಎಳೆದಾಗಿದ್ದರೆ ಒಣಗುವ ಮುಂಚೆ ಟರ್ಪೆಂಟೈನ್ ಅದ್ದಿ ಹಿಂಡಿದ ಕುಂಚದಲ್ಲಿ ಎತ್ತಿಬಿಡಿ.

ಆಟಿಯಲ್ಲಿ

ಈ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ. ಆಗ ಎಣ್ಣೆಯ ತೆಳು ಲೇಪ ಐದರಿಂದ ಏಳು ದಿನದಲ್ಲಿ ಒಣಗುತ್ತದೆ, ಜೂನ್ ನಂತರ ಅದರ ಎರಡು ಪಟ್ಟು. ಕರಗಿಸಿದ ಅಂಟು ನಮ್ಮ ಸೆಖೆಗೆ ಮರುದಿನವೇ ನಾರುತ್ತದೆ. ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ, 100 ಮಿ.ಲೀ.ಗೆ ಒಂದೆರಡು ಹನಿ ಲವಂಗದೆಣ್ಣೆ ಹಾಕಿದರೆ ಬೂಸ್ಟು ತಡವಾಗುತ್ತದೆ. ನಾತ ಬಂದ ಅಂಟು ಹಿಡಿಯುವುದಿಲ್ಲ, ಚೆಲ್ಲಿ.

ಮುಗಿದ ಚಿತ್ರದ ಮುಖಕ್ಕೆ ವಾರ್ನಿಶ್ ಹೊಡೆಯಬೇಡಿ, ಕಾರಣ ಎಣ್ಣೆಯದ್ದೇ. ಗಾಜು ಹಾಕಿ, ಆದರೆ ಗಾಜಿಗೂ ಹಲಗೆಗೂ ನಡುವೆ 5 ಮಿ.ಮೀ. ಪಟ್ಟಿ ಇರಲಿ, ತಾಗಿದ್ದರೆ ಮಳೆಗಾಲದ ತೇವಕ್ಕೆ ಅಂಟುಬಣ್ಣ ಗಾಜಿಗೆ ಹತ್ತಿಕೊಳ್ಳುತ್ತದೆ. ಮುರಕಲ್ಲಿನ ಹೊರಗೋಡೆಗೆ ತೂಗಹಾಕಬೇಡಿ, ಒಳಗೋಡೆಯೇ ಸರಿ. ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಒಂದು ಸೆಂ.ಮೀ. ದಪ್ಪದ ಮರದ ತುಂಡು ಅಂಟಿಸಿ, ಹಿಂದಿನಿಂದ ಗಾಳಿಯಾಡಲಿ. ಬೂಸ್ಟಿನ ಬಿಳಿ ಚುಕ್ಕೆ ಕಂಡರೆ ಒದ್ದೆ ಬಟ್ಟೆ ಮುಟ್ಟಿಸಬಾರದು. ಎರಡು ದಿನ ಫ್ಯಾನಿನಡಿ ಒಣಗಿಸಿ, ಮೆತ್ತನೆಯ ಒಣ ಕುಂಚದಿಂದ ಮನೆಯ ಹೊರಗೆ ನಿಂತು ಕೊಡವಿ.